ಮೂರನೆಯ ಓದಿಗೆ ಮುನ್ನ

ಮೋಟಾರು ಹೊರಡುವ ಲಕ್ಷಣ ಕಾಣಲಿಲ್ಲ. ಯುದ್ಧ ಮುಗಿದು ವರ್ಷವಾಗುತ್ತ ಬಂದರೂ ಹುಕ್ಕೇರಿಯ ಪಾಲಿಗೆ ಪೆಟ್ರೋಲು ಇನ್ನೂ ಬಂದಿರಲಿಲ್ಲ. ಗಾಡಿಯ ಬೆನ್ನಿಗೆ ಕಟ್ಟಿದ ಇದ್ದಿಲೊಲೆಗೆ ಕ್ಲೀನರ ಗಾಳಿ ಹಾಕಿ ಹಾಕಿ ಸೋತು ಡ್ರೈವರನನ್ನು ಬೈದು, ಡ್ರೈವರ ಮಳೆಯನ್ನು ಬೈದು, ಇಬ್ಬರೂ ಚಹಾ ಕುಡಿಯಲು ಹೋಗಿದ್ದರು. ಹೆಂಗಸರ ಸೀಟಿನ ಮೂಲೆಯಲ್ಲಿ ಶಿವಗಂಗವ್ವ ಉಡಿ ತುಂಬುವ ಸಾಮಾನಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಮುಂಬಯಿಯಲ್ಲಿ ಈ ಹೊತ್ತಿಗೆ ಎರಡನೆಯ ಓದು ಆಗಿಹೋಗಿರಬಹುದೇ ಎಂದು ಯೋಚಿಸುತ್ತ ಕುಳಿತಿದ್ದಳು. ಮುಂಬಯಿ ಎಂದರೆ ಅವಳಿಗೆ ಇಷ್ಟೇ: ಒಂದು ದೊಡ್ಡ ಸಾಲೆ, ಬೆಂಚುಗಳ ಮೇಲೆ ಕರೀ ಕೋಟಿನ ಗಂಡಸರು, ನಡುವೆ ಒಬ್ಬ ನಿಂತು ಓದುತ್ತಾನೆ. ಬಿಲ್ಲೊಂದು ಕಾಯದೆಯಾಗಬೇಕಾದರೆ ಅದನ್ನು ಅಸೆಂಬ್ಲಿಯಲ್ಲಿ ಮೂರು ಸಲ ಓದಬೇಕಂತೆ. ಹಾಗೆಂದು ಹೇಳಿದವನು ಅವಳ ಗಂಡ ಪರಪ್ಪ ಮಾಸ್ತರ. ಒಂದು ಓದು ಮುಗಿದಿದೆ, ಇನ್ನೆರಡು ಬಾಕಿ. ಓದುವವನಿಗೆ ಕೆಮ್ಮು ಬರಲಿ, ಅವನ ಕಣ್ಣಿನ ಚಾಳೀಸು ಒಡೆಯಲಿ, ಬೆಂಚಿನ ಮೇಲಿನವರು ತಮ್ಮತಮ್ಮಲ್ಲೇ ಜಗಳಾಡಿ ಎದ್ದುಹೋಗಲಿ ಎಂದು ಬೆಳಗಿನಿಂದ ಎಷ್ಟು ಸಲ ಬೇಡಿಕೊಂಡಿದ್ದಳೋ. ಬೇಡಿಕೊಂಡಾಗಲೆಲ್ಲ ಕೈ ಕೊರಳ ಲಿಂಗದ ಕಡೆ ಹೋಗುತ್ತಿತ್ತು, ನಾಚಿಕೆಯಾಗಿ ಹಿಂದಕ್ಕೆ ಬರುತ್ತಿತ್ತು. ಯಾಕೆಂದರೆ ಆ ಬಿಲ್ಲು ಅವಳಂಥವರ ಸಲುವಾಗಿಯೇ ಬಂದದ್ದು. ಒಬ್ಬ ಹೆಂಡತಿ ಜೀವಂತ ಇರುವಾಗ ಗಂಡ ಇನ್ನೊಬ್ಬಳನ್ನು ತಂದರೆ ಆ ಮದುವೆ ಮದುವೆಯೇ ಅಲ್ಲ ಎನ್ನುವ ಬಿಲ್ಲು. ಅದು ಕಾಯದೆಯಾಗುವುದರೊಳಗೆ ತನ್ನ ಗಂಡನಿಗೆ ಎರಡನೆಯ ಹೆಂಡತಿಯನ್ನು ತರಲು ಅವಳು ಹೊರಟಿದ್ದಳು, ಅದೂ ಒಡಹುಟ್ಟಿದ ತಂಗಿಯನ್ನು.

ಪರಪ್ಪ ಟಿಕೀಟು ತೆಗೆಸಿ ಅವಳ ಕೈಗೆ ಕೊಟ್ಟು, ಸಾಲೆಗೆ ಹೊತ್ತಾಯಿತೆಂದು ಹೋಗಿಬಿಟ್ಟಿದ್ದ. ಹೋಗುವಾಗ ಕಿಟಕಿಯ ಹತ್ತಿರ ಬಂದು ಏನೋ ಹೇಳಬೇಕೆಂದು ಬಾಯಿ ತೆರೆದ, ಹೇಳಲಿಲ್ಲ. ಹೀಗೆ ಅರ್ಧಕ್ಕೆ ಬಾಯಿ ತೆರೆಯುವುದು ಅವನ ಹಳೆಯ ಚಾಳಿ. ಸಂಜೆ ಶಿಂಪಿಗರ ಕಟ್ಟೆಯ ಮೇಲೆ ಕುಳಿತು ನಾಲ್ಕು ಮಂದಿಗೆ ಪೇಪರು ಓದಿಹೇಳುವಾಗ ಅದೇ ಬಾಯಿ ಗಂಟೆಯಂತೆ ನುಡಿಯುತ್ತಿತ್ತು. ಮನೆಯ ಹೊಸ್ತಿಲು ದಾಟಿದರೆ ಅದಕ್ಕೇನಾಗುತ್ತಿತ್ತೋ. ತಾಯಿ ಯಮನವ್ವ ವರ್ಷಗಟ್ಟಲೆ 'ಇನ್ನೊಂದು ಮದಿವಿ ಮಾಡಿಕೋ' ಎಂದು ಕೊರೆಯುತ್ತಿದ್ದಾಗ ಅವನು ಹೂಂ ಅಂದದ್ದಿಲ್ಲ, ಊಹೂಂ ಅಂದದ್ದೂ ಇಲ್ಲ, ಪೇಟದ ಸೆರಗನ್ನು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಿದ್ದ. ಬಿಲ್ಲಿನ ಸುದ್ದಿ ಬಂದ ಸಂಜೆ ಮಾತ್ರ ಪೇಪರನ್ನು ಬಗಲಲ್ಲಿ ಹಿಡಿದುಕೊಂಡು, ಹೊಸ ಸೀರೆ ತಂದವನಂತೆ, ನೆಟ್ಟಗೆ ಅಡಿಗೆಮನೆಗೇ ಬಂದಿದ್ದ. ಒಲೆಯ ಬೆಳಕಿಗೆ ಹಿಡಿದು ಓದಿದ. ಅದೇ ಪುಟದಲ್ಲಿ ಶೆರೆ ಬಂದಿ ಮಾಡುವ ಮಾತಿತ್ತು, ಗೇಣಿದಾರರ ಮಾತಿತ್ತು, ಊರ ಪಂಚಾಯಿತಿಗಳ ಮಾತಿತ್ತು. ಅವನ್ನೆಲ್ಲ ಬಿಟ್ಟು ಬೆರಳಿಟ್ಟು ಇದೊಂದನ್ನೇ ಓದಿದ. "ಗಂಗಾ, ಇನ್ನ ನಿನಗ ಯಾರ ಅಂಜಿಕಿನೂ ಇಲ್ಲ. ಅವ್ವಗ ನಾ ಒಲ್ಲೆ ಅನ್ನೂದ ಬೇಕಾಗಿಲ್ಲ, ಸರಕಾರನ ಒಲ್ಲೆ ಅಂತೈತಿ," ಎಂದ. ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಅವಳು ಅವನ ಮೋರೆ ನೋಡಿದಳು. ಅವನ ಮೋರೆಯ ಮೇಲೆ ಸಂತೋಷವಿತ್ತು, ಖರೆ. ಆದರೆ ಅದು ಹೆಂಡತಿ ಉಳಿದಳೆಂಬ ಸಂತೋಷಕ್ಕಿಂತ ತಾನು ಬಾಯಿ ತೆರೆಯುವುದು ತಪ್ಪಿತೆಂಬ ಸಂತೋಷವಾಗಿತ್ತು. ಅದು ಆಗಲೇ ಅವಳಿಗೆ ತಿಳಿದಿತ್ತು. ತಿಳಿದೂ ನಕ್ಕಿದ್ದಳು.

ನಗದೆ ಏನು ಮಾಡುವುದು. ಆ ಬಿಲ್ಲು ಬರಲೆಂದು ಠರಾವು ಪಾಸು ಮಾಡಿದ ಸಭೆಯಲ್ಲಿ ಅವಳೂ ಇದ್ದಳಲ್ಲ. ಸಾಲೆಯ ದೊಡ್ಡ ಖೋಲಿಯಲ್ಲಿ ಗಂಡಸರು ಜಮಖಾನೆಯ ಮೇಲೆ, ಹೆಂಗಸರು ಹಿಂದೆ ಚಾಪೆಯ ಮೇಲೆ. ಪರಪ್ಪ ಎದ್ದು ನಿಂತು ಓದಿದ: ಸ್ತ್ರೀಯರ ಕಣ್ಣೀರನ್ನು ಒರೆಸುವಂಥ ಈ ಕಾಯದೆಯನ್ನು ಹುಕ್ಕೇರಿಯ ನಾಗರಿಕರು ಮನಃಪೂರ್ವಕವಾಗಿ ಬೆಂಬಲಿಸುತ್ತಾರೆ. ಒಪ್ಪಿದವರು ಕೈ ಎತ್ತಬೇಕೆಂದರು. ಹಿಂದೆ ಕುಳಿತವರನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಆದರೂ ಅವಳು ಸೆರಗಿನೊಳಗಿಂದ ಕೈ ಎತ್ತಿದ್ದಳು. ವಾರ ಕಳೆದ ಮೇಲೆ ಪೇಪರಿನ ಕೊನೆಯ ಪುಟದಲ್ಲಿ ಗಂಡನ ಹೆಸರು ಅಚ್ಚಾಗಿ ಬಂತು. ಅವಳಿಗೆ ಓದಲು ಬಾರದು. ಅವನೇ ಅವಳ ಬೆರಳು ಹಿಡಿದು ಆ ಸಣ್ಣ ಅಕ್ಷರಗಳ ಮೇಲೆ ಇಟ್ಟು, "ಇದು ನಾನು," ಎಂದಿದ್ದ. ಮದುವೆಯಾದಾಗಿನಿಂದ ಅವನು ಅಷ್ಟು ಹೊತ್ತು ಅವಳ ಕೈ ಹಿಡಿದದ್ದು ಅವಳಿಗೆ ನೆನಪಿರಲಿಲ್ಲ. ಬೆರಳಿಗೆ ಮಸಿ ಹತ್ತಿತ್ತು, ತೊಳೆಯಲು ಮನಸ್ಸಾಗಿರಲಿಲ್ಲ.

ಡ್ರೈವರ ಬಂದ, ಕ್ಲೀನರ ಬಂದ, ಗಾಡಿ ಒಮ್ಮೆ ನಡುಗಿ ಸತ್ತಿತು, ಮತ್ತೆ ನಡುಗಿ ಬದುಕಿತು. ಸಂತೆಪೇಟೆ ದಾಟಿ, ಸಂಕೇಶ್ವರದ ದಾರಿ ಹಿಡಿದಾಗ ಹೊಗೆಯೆಲ್ಲ ಹಿಂದಿನ ಕಿಟಕಿಯಿಂದ ಒಳಗೇ ಬಂತು. ಶಿವಗಂಗವ್ವ ಮೂಗಿಗೆ ಸೆರಗು ಹಿಡಿದಳು. ಇದ್ದಿಲ ಹೊಗೆಯ ಜೊತೆಗೆ ಯಮನವ್ವನ ಮಾತು ಮತ್ತೆ ಬಂತು. ಯಮನವ್ವ ಅಡಿಗೆಮನೆಯ ಮಗ್ಗುಲಲ್ಲೇ ಬೀಸುತ್ತ ಕುಳಿತು ಮಗ ಪೇಪರು ಓದಿದ್ದನ್ನು ಕೇಳಿಸಿಕೊಂಡಿದ್ದಳು. ಮರುದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಗೋಕಾಕಕ್ಕೆ ಹೋಗುವ ಮೆಣಸಿನಕಾಯಿಯ ಚಕ್ಕಡಿ ಹತ್ತಿದಳು. ತಿರುಗಿ ಬಂದವಳು ಪಡಸಾಲೆಯಲ್ಲಿ ಕುಳಿತು ತಂಬಿಗೆ ನೀರು ಪೂರಾ ಕುಡಿದು, ಬಾಯಿ ಒರೆಸಿಕೊಂಡು ಹೇಳಿದ್ದಳು.

"ವಕೀಲರನ್ನ ಕೇಳಿ ಬಂದ್ನೆವಾ. ಇಬ್ಬರನ ಇಟಗೋಬಾರದಂತ ಕಾಯದೆ ಬರತೈತಿ, ಖರೆ ಐತಿ. ಆದ್ರ ಒಬ್ಬಾಕಿನ್ನ ಬಿಡಬಾರದಂತ ಅದರಾಗ ಎಲ್ಲೂ ಬರದಿಲ್ಲಂತ."

"ಬಿಡೂದಂದ್ರರಿ, ಅತ್ತಿ?"

"ಸೋಡಚೀಟಿ ನಮ್ಮ ಮಂದ್ಯಾಗ ಹಿಂದಿನಿಂದ ನಡದ ಬಂದದ್ದ ಐತಲ್ಲ. ಬಿಟ್ಟೇನಂತ ಪಂಚರ ಮುಂದ ಬರಕೊಟ್ರ ತೀರಿತು." ಯಮನವ್ವನ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. "ನನಗೇನ ಖುಷಿ ಐತೇನ ನನ್ನವ್ವ? ಇಬ್ಬರೂ ಒಂದ ಒಲಿ ಮುಂದ ಇರತಿದ್ರಿ. ನೀ ಹಿರ್ಯಾಕಿ, ಆಕಿ ಕಿರ್ಯಾಕಿ. ಹಡದದ್ದು ನಿನಗೂ ಅವ್ವ ಅಂತಿತ್ತು. ಇವ ಓದಿದಾವ ಠರಾವು ಮಾಡಿ ನಿನ್ನ ಹೊರಗ ಹಾಕಿದ."

ಹೊರಗೆ ಎಂದರೆ ಏನೆಂದು ಶಿವಗಂಗವ್ವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರ ಓಣಿಯ ಕೊನೆಗೆ ಮಾಳಪ್ಪನ ಮನೆ. ಮಾಳಪ್ಪನ ತಂಗಿ ಕಾಡವ್ವ ಸೋಡಚೀಟಿ ತೆಗೆದುಕೊಂಡು ಬಂದವಳು. ಬಂದ ಹೊಸದರಲ್ಲಿ ಪಡಸಾಲೆಯಲ್ಲಿ ಮಲಗುತ್ತಿದ್ದಳು, ಆಮೇಲೆ ಅಡಿಗೆಮನೆಯಲ್ಲಿ, ಈಗ ದನದ ಕೊಟ್ಟಿಗೆಯ ಅಟ್ಟದ ಕೆಳಗೆ. ಯಾರೂ ಅವಳನ್ನು ಹೊಡೆಯುವುದಿಲ್ಲ, ಬೈಯುವುದೂ ಇಲ್ಲ. ಎಲ್ಲರದೂ ಉಂಡಾದ ಮೇಲೆ ಬುಟ್ಟಿಯ ತಳದಲ್ಲಿ ಎಷ್ಟು ರೊಟ್ಟಿ ಉಳಿದಿವೆಯೆಂದು ಬಗ್ಗಿ ನೋಡುತ್ತಾಳೆ, ಅಷ್ಟೇ. ಹಬ್ಬದ ಹೊತ್ತಿಗೆ ಮುತ್ತೈದೆಯರನ್ನು ಕರೆಯಲು ಬಂದವರು ಅವಳ ಮುಂದೆ ಹಾದುಹೋಗುವಾಗ ಕುಂಕುಮದ ಬಟ್ಟಲನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಳ್ಳುತ್ತಾರೆ. ಗಂಡ ಸತ್ತವಳಲ್ಲ, ಗಂಡ ಇದ್ದವಳೂ ಅಲ್ಲ. ಒಮ್ಮೆ ಶಿವಗಂಗವ್ವ ಕೂಡ ಹಾಗೆ ಬಟ್ಟಲು ಬದಲಿಸಿಕೊಂಡಿದ್ದಳು; ಕಾಡವ್ವ ಅದನ್ನು ಕಂಡು ಬೇಕೆಂತಲೇ ಸಗಣಿಯ ಬುಟ್ಟಿಯ ಮೇಲೆ ಬಾಗಿದಳು. ಆ ಬಾಗಿದ ಬೆನ್ನು ಈಗ ಅವಳ ಕಣ್ಣಿಗೆ ಕಟ್ಟಿತ್ತು. ಅದರ ಮೇಲಿನ ಕುಪ್ಪಸ ತನ್ನದೇ ಆಗಿ ಕಾಣುತ್ತಿತ್ತು.

ಅದಕ್ಕೇ ಅವಳು ಅತ್ತೆಯ ಕಾಲ ಹತ್ತಿರ ಕುಸಿದು ಕುಳಿತು ಕೇಳಿದ್ದಳು: ಕಾಯದೆ ಬರುವುದರೊಳಗೇ ಎರಡನೆಯ ಮದುವೆ ಆಗಿಬಿಟ್ಟರೆ? ಆಗಿಹೋದದ್ದನ್ನು ಕಾಯದೆ ಮುಟ್ಟುತ್ತದೆಯೇ? ಮುಟ್ಟುವುದಿಲ್ಲ ಎಂದಳು ಯಮನವ್ವ, ವಕೀಲರು ಅದನ್ನೂ ಹೇಳಿದ್ದಾರೆ. ಆದರೆ ಅಷ್ಟರೊಳಗೆ ಹೆಣ್ಣು ಎಲ್ಲಿಂದ ಬರಬೇಕು ಎಂದು ಸುಮ್ಮನಾದಳು. ಸುಮ್ಮನೆ ಎಷ್ಟು ಹೊತ್ತು ಕುಳಿತಳೆಂದರೆ ಶಿವಗಂಗವ್ವನಿಗೆ ತಾನೇ ಮಾತಾಡುವುದು ಅನಿವಾರ್ಯವಾಯಿತು.

"ನನ್ನ ತಂಗಿ ಕಾಶೆವ್ವ ಅದಾಳಲ್ರಿ," ಎಂದಿದ್ದಳು.

"ನಾ ಅನ್ನಲಿಲ್ಲವಾ. ನೀ ಅಂದಿ," ಎಂದು ಯಮನವ್ವ ಎದ್ದು ಒಳಗೆ ಹೋದಳು.

ಹಾದಿಯಲ್ಲಿ ಒಂದು ತೋಟದ ಹತ್ತಿರ ಕೈ ಮಾಡಿ ಗಾಡಿ ನಿಲ್ಲಿಸಿ ಒಬ್ಬ ಹೆಂಗಸು ಹತ್ತಿದಳು. ಬಗಲಲ್ಲಿ ಕೂಸು, ಕೈಯಲ್ಲಿ ತರಕಾರಿಯ ಚೀಲ. ಶಿವಗಂಗವ್ವನ ಮಗ್ಗುಲಲ್ಲಿ ಕುಳಿತು, ಕಂಡಕ್ಟರನ ಜೊತೆ ಮರಾಠಿಯಲ್ಲಿ ಜಗಳಾಡಿ, ಇವಳ ಕಡೆ ತಿರುಗಿ ಕನ್ನಡದಲ್ಲಿ ನಕ್ಕಳು. ತನ್ನ ಹೆಸರು ಪದ್ಮವ್ವ, ಸಂಕೇಶ್ವರದ ಜೈನ ಬಸದಿಯ ಹಿಂದೆ ಮನೆ, ತೌರಿಗೆ ಬಂದು ಹೊರಟಿದ್ದೇನೆ ಎಂದೆಲ್ಲ ಕೇಳದೆಯೇ ಹೇಳಿದಳು. ಕೂಸು ಶಿವಗಂಗವ್ವನ ತೊಡೆಯ ಮೇಲಿನ ಗಂಟಿಗೆ ಕೈ ಹಾಕಿತು.

"ನಿಮಗೆಷ್ಟ ಮಕ್ಕಳ್ರಿ, ಅಕ್ಕಾರ?"

ಇದೊಂದು ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಯಾವ ಗಾಡಿ ಹತ್ತಿದರೂ ಬರುತ್ತದೆ. ಹೆಂಗಸರ ಸೀಟಿನಲ್ಲಿ ಊರು ಕೇಳಿದ ಮೇಲೆ ಕೇಳುವುದು ಇನ್ನೇನಿರುತ್ತದೆ. ಬೇರೆ ದಿನಗಳಲ್ಲಿ ದೇವರು ಕೊಟ್ಟಿಲ್ಲ ಎಂದು ಹೇಳಿ, ಆಮೇಲೆ ಬರುವ ಔಷಧ, ಹರಕೆ, ಜಂಗಮರ ವಿಳಾಸಗಳನ್ನೆಲ್ಲ ತಲೆ ಆಡಿಸುತ್ತ ಕೇಳುತ್ತಿದ್ದಳು. ಇವತ್ತು ನಾಲಿಗೆ ತಾನೇ ಹೊರಳಿತು. "ಒಬ್ಬ ಮಗಾ ಅದಾನ್ರಿ. ಸಾಲಿಗೆ ಹೋಗತಾನ."

"ಎಷ್ಟನೆತ್ತೇರಿ?"

"ಮೂರನೆತ್ತೆ."

"ಹೆಸರೇನ ಇಟ್ಟೀರಿ?"

ಹೆಸರು ಸಿಗಲಿಲ್ಲ. ಇಷ್ಟು ವರ್ಷ ಇಲ್ಲದ ಮಗನನ್ನು ಎದೆಗೆ ಅವಚಿಕೊಂಡು ಮಲಗಿದವಳಿಗೆ ಅವನ ಹೆಸರು ಸಿಗಲಿಲ್ಲ. ಗಂಡನ ತಂದೆಯ ಹೆಸರು ಬಾಯಿಗೆ ಬಂದರೂ ಅದನ್ನು ಸೊಸೆ ಆಡುವಂತಿಲ್ಲ. ಹೊಗೆಗೆ ಕೆಮ್ಮು ಬಂದವಳಂತೆ ಸೆರಗು ಬಾಯಿಗೆ ತುರುಕಿಕೊಂಡು ಕಿಟಕಿಯ ಆಚೆ ನೋಡಿದಳು. ಪದ್ಮವ್ವ ಜಾಣೆ, ಅಥವಾ ಒಳ್ಳೆಯವಳು, ಮತ್ತೆ ಕೇಳಲಿಲ್ಲ. ಕೂಸಿನ ಕೈಯನ್ನು ಗಂಟಿನಿಂದ ಮೆಲ್ಲಗೆ ಬಿಡಿಸಿಕೊಂಡಳು. ಆ ಬಿಡಿಸಿಕೊಂಡ ರೀತಿಯಲ್ಲಿ ಅವಳಿಗೆ ಎಲ್ಲ ತಿಳಿಯಿತೆಂದು ಶಿವಗಂಗವ್ವನಿಗೆ ತಿಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಪದ್ಮವ್ವ ಬೇರೆ ಮಾತು ತೆಗೆದಳು: "ಮುಂಬೈದಾಗ ಹೊಸಾ ಕಾಯದೆ ಮಾಡಾಕತ್ತಾರಂತ, ಕೇಳೀರೇನ್ರಿ? ನಮ್ಮ ಮನಿಯವರು ಹೇಳತಿದ್ರು. ಇನ್ನ ಗಂಡಸರು ಎರಡ ಮದಿವಿ ಆಗೂ ಹಂಗಿಲ್ಲಂತ. ಭೇಷ ಆತು ನೋಡ್ರಿ. ನಮ್ಮ ಅಕ್ಕ ಸವತಿ ಕೈಯಾಗ ಉಂಡದ್ದು ನೋಡೇನಿ ನಾ."

"ಹೌದ್ರಿ. ಭೇಷ ಆತು," ಎಂದಳು ಶಿವಗಂಗವ್ವ.

ಸಂಕೇಶ್ವರದಲ್ಲಿ ಪದ್ಮವ್ವ ಇಳಿದುಹೋದಳು. ಗಾಡಿ ಮತ್ತೆ ಒಲೆ ಕೆದರಿಕೊಂಡು ನಿಪ್ಪಾಣಿಯ ಕಡೆಯ ದೊಡ್ಡ ರಸ್ತೆಗೆ ಬಿತ್ತು. ಹಿರಣ್ಯಕೇಶಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಇದೇ ಹೊಳೆಯ ದಂಡೆಯಲ್ಲಿ, ಯಾವುದೋ ಮದುವೆಗೆ ಬಂದಾಗ, ಕಾಶೆವ್ವನಿಗೆ ಎಣ್ಣೆ ಹಚ್ಚಿ ಎರೆದಿದ್ದಳು. ಕಾಶೆವ್ವ ಹುಟ್ಟಿದಾಗ ಅವ್ವ ಕೆಂಪವ್ವ ಬಾಣಂತಿಜ್ವರದಲ್ಲಿ ಮಲಗಿದ್ದಳು. ಕೂಸಿಗೆ ಬಟ್ಟೆಯ ಬತ್ತಿಯಲ್ಲಿ ಆಡಿನ ಹಾಲು ಹಿಂಡಿ ಕುಡಿಸಿ ಉಳಿಸಿದವಳು ಶಿವಗಂಗವ್ವ. ಅವಳ ಬಗಲು ಬಿಟ್ಟು ಅದು ಇಳಿಯುತ್ತಿರಲಿಲ್ಲ. ಮದುವೆಯಾಗಿ ಹೊರಟ ದಿನ ಚಕ್ಕಡಿಯ ಹಿಂದೆ ಓಡಿ ಬಂದು ಬಿದ್ದು ಮೊಣಕಾಲು ಒಡೆದುಕೊಂಡಿತ್ತು. ಆಮೇಲೆ ಹುಕ್ಕೇರಿಗೆ ಬಂದು ತಿಂಗಳುಗಟ್ಟಲೆ ಇರುತ್ತಿತ್ತು, ಪರಪ್ಪ ಪಾಟಿಯ ಮೇಲೆ ಅಕ್ಷರ ತಿದ್ದಿಸುತ್ತಿದ್ದ. ಅಕ್ಕನಿಗೆ ಹತ್ತದ ಓದು ತಂಗಿಗೆ ಹತ್ತಿತು. "ಮಾವಾ, ನಾನೂ ಪೇಪರ ಓದ್ಲಿ?" ಎಂದು ಅವನ ಮಗ್ಗುಲಲ್ಲಿ ಕುಳಿತು ತಡವರಿಸುತ್ತ ಓದುವಾಗ ಅವನು ತಪ್ಪು ತಿದ್ದಿ ನಗುತ್ತಿದ್ದ. ಆಗ ಅವಳಿಗೆ ಹೊಟ್ಟೆ ತಂಪಾಗುತ್ತಿತ್ತು, ಈ ಮನೆಯಲ್ಲೂ ಒಂದು ಮಗುವಿನ ದನಿ ಕೇಳಿತಲ್ಲ ಎಂದು. ಆ ಮಗುವನ್ನೇ ಈಗ ಅವಳು ತನ್ನ ಹಾಸಿಗೆಗೆ ಎಳೆದುಕೊಂಡು ಹೋಗಬೇಕು. ಅಂಕಲಗಿಯಿಂದ ಒಂದು ಒಳ್ಳೆಯ ಕಡೆಯ ಮಾತು ಬಂದಿದೆ, ಹುಡುಗನಿಗೆ ನೀರಾವರಿ ಹೊಲವಿದೆ ಎಂದು ಅವ್ವ ಹೇಳಿಕಳಿಸಿದ್ದಳು. ಅದನ್ನು ಕೆಡಿಸಬೇಕು. ನಿನ್ನ ಜನ್ಮ ಕೊಡು, ನನ್ನ ರೊಟ್ಟಿ ಉಳಿಯಲಿ ಎಂದು ಕೇಳಬೇಕು. ಆಡಿನ ಹಾಲಿನ ಋಣ ಕೇಳಲು ಬಂದೆನೇನೋ ಎನ್ನಿಸಿ ಶಿವಗಂಗವ್ವನಿಗೆ ತನ್ನ ಮೇಲೆ ಅಸಹ್ಯವಾಯಿತು. ಅಸಹ್ಯವಾದರೂ ಗಂಟನ್ನು ಬಿಗಿಯಾಗಿ ಹಿಡಿದಿದ್ದಳು.

ಗಂಡನೂ ಮೊದಲು ಅಸಹ್ಯಪಟ್ಟುಕೊಂಡವನೇ. ದೀಪ ಹಚ್ಚುವ ಹೊತ್ತಿನಲ್ಲಿ ಅವನಿಗೆ ಕಾಲು ತೊಳೆಯಲು ನೀರು ಕೊಡುತ್ತ ಕಾಶೆವ್ವನನ್ನು ತರುವ ಮಾತು ಹೇಳಿದ್ದಳು. ಅವನು ಕಲ್ಲಿನ ಮೇಲೆ ಒಂದೇ ಕಾಲಿನಲ್ಲಿ ನಿಂತುಬಿಟ್ಟ. "ನನ್ನ ಹೆಸರು ಪೇಪರಿನಾಗ ಬಂದೈತಿ ಗಂಗಾ. ಇಬ್ಬರ ಹೆಂಡರನ್ನ ಕಟಗೊಂಡು ಆ ಕಟ್ಟಿ ಮ್ಯಾಲ ನಾ ಹೆಂಗ ಕುಂದರ್ಲಿ? ಠರಾವು ಓದಿದಾವ ನಾನ." ಅವಳಿಗೆ ಆಗ ಅಂಥ ಹೊತ್ತಿನಲ್ಲೂ ನಗು ಬಂತು. ಕಟ್ಟೆಯ ಮೇಲೆ ಕುಳಿತುಕೊಳ್ಳುವ ಚಿಂತೆ ಇವನಿಗೆ. ಒಲ್ಲೆನೆಂದು ಮೋರೆ ತಿರುಗಿಸುವುದು ಗಂಡಸಿನ ನಾಚಿಕೆ, ನಾಲ್ಕು ದಿನಕ್ಕೆ ಇಳಿಯುತ್ತದೆ ಎಂದುಕೊಂಡಳು. ಇನ್ನೊಂದು ತಂಬಿಗೆ ಸುರಿದಳು. ಅವನು ಬಹಳ ಹೊತ್ತು ಕಾಲು ಉಜ್ಜಿದ. ಆಮೇಲೆ, ಅವಳ ಕಡೆ ನೋಡದೆ, "ಕಾಶೆವ್ವ ಒಪ್ಪತಾಳೇನು?" ಎಂದ. ಅವಳ ಎದೆಯಲ್ಲಿ ಒಂದು ಕಡೆ ಹಗುರವಾಯಿತು, ಇನ್ನೊಂದು ಕಡೆ ಯಾರೋ ಕೊಳ್ಳಿ ಇಟ್ಟಂತಾಯಿತು. ಅದಾದ ಮೇಲೆ ಯಮನವ್ವ ಮೂಡಲಗಿಗೆ, ಮಗಳ ಮನೆಗೆ ಎಂದು ಹೋಗಿ ಬಂದಳು. ಬಂದವಳೇ ತನ್ನ ಕೈಯಾರೆ ಅಕ್ಕಿ ಆರಿಸಿದಳು, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣದ ಕೊಂಬು, ಹಸಿರು ಖಣ ಎಲ್ಲ ಇಟ್ಟು ಗಂಟು ಕಟ್ಟಿ, "ಬಾಯಿ ಮಾತ ಬ್ಯಾಡ. ನೀನ ಉಡಿ ತುಂಬಿ ಬಾ. ಆಕಿ ಸೆರಗ ಒಡ್ಡಿದ್ರ ಒಪ್ಪಿದಂಗ," ಎಂದಿದ್ದಳು. ಹೆಣ್ಣು ಗೊತ್ತು ಮಾಡುವುದು ಅವರಲ್ಲಿ ಹಾಗೆಯೇ. ಉಡಿಯಲ್ಲಿ ಅಕ್ಕಿ ಬಿದ್ದ ಮೇಲೆ ಮಾತು ಹಿಂದೆ ಹೋಗುವುದಿಲ್ಲ.

ತೌರೂರು ಕಣಗಲೆಯಲ್ಲಿ ಇಳಿದಾಗ ಮಳೆ ನಿಂತಿತ್ತು. ದೊಡ್ಡ ರಸ್ತೆಯಿಂದ ಊರೊಳಗೆ ಹೋಗುವ ಹಾದಿಯ ಎರಡೂ ಕಡೆ ತಂಬಾಕಿನ ಹೊಲ. ಹೆಂಗಸರು ಸಾಲಾಗಿ ಕುಳಿತು ಕಸ ತೆಗೆಯುತ್ತಿದ್ದರು. ಅವರಲ್ಲಿ ಕಾಶೆವ್ವ ಇದ್ದಾಳೋ ಎಂದು ನೋಡದಿರಲು ಶಿವಗಂಗವ್ವ ಕೆಸರನ್ನೇ ನೋಡುತ್ತ ನಡೆದಳು. ಮೊದಲ ಮಾತನ್ನು ಹೇಗೆ ತೆಗೆಯಬೇಕೆಂದು ಹಾದಿಯುದ್ದಕ್ಕೂ ಕಟ್ಟಿದಳು, ಬಿಚ್ಚಿದಳು. 'ಕಾಶಿ, ನಾವಿಬ್ಬರೂ ಒಂದ ಮನ್ಯಾಗ ಇರೂಣು ಬಾ.' ಇದು ಚಲೋ ಎನ್ನಿಸಿತು. ಸಣ್ಣವಳಿದ್ದಾಗ ಅವಳು ಕೇಳುತ್ತಿದ್ದದ್ದೂ ಅದನ್ನೇ.

ಕೆಂಪವ್ವ ಬಾಗಿಲಲ್ಲೇ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಮೊದಲು ಮಗಳ ಕೈಯಲ್ಲಿದ್ದ ಗಂಟನ್ನು ನೋಡಿದಳು, ಆಮೇಲೆ ಮೋರೆಯನ್ನು. ಮೊರ ಕೆಳಗಿಟ್ಟು ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

"ಬಂದೆವಾ. ಬರತೀಯೋ ಇಲ್ಲೋ ಅಂತ ನಿನ್ನಿಯಿಂದ ದಾರಿ ನೋಡಾಕತ್ತೇವಿ."

"ನಾ ಬರೂದು ನಿನಗ್ಯಾರ ಹೇಳಿದ್ರ, ಅವ್ವಾ?"

"ನಿಮ್ಮತ್ತಿ ಬಂದಿದ್ಲಲ್ಲ. ಮಂದಿಗೆ ಗೊತ್ತಾಗೂದು ಬ್ಯಾಡಂತ ಮೂಡಲಗಿಗಂತ ಹೇಳಿ ಇಲ್ಲಿಗೇ ಬಂದ್ಲಂತ." ಕೆಂಪವ್ವನ ಕಣ್ಣಲ್ಲಿ ನೀರು ಬಂತು. "ನಿನ್ನ ಮನಸ ದೊಡ್ಡದವಾ. ಯಾವಾಕಿ ತನ್ನ ಜಾಗಾ ತಾನ ಬಿಟ್ಟಕೊಟ್ಟಾಳ?"

"ಬಿಟ್ಟಕೊಡೂದಂದ್ರ?"

"ಸೋಡಚೀಟಿ ತಂದು ಮುಂದಿಟ್ಲು. ಕಾಶಿ ತಾನ ಓದಿದ್ಲು. ಮಾಸ್ತರ ಸಹಿ ಐತಿ. ಇಬ್ಬರನ ಇಟಗೋರಿ ಅಂತ ನೀ ಅಂದ್ರೂ ಅವ ಸುತಾರಾಂ ಒಪ್ಪಲಿಲ್ಲಂತ. ಕಾಯದೆ ಬರಲಿ ಅಂದಾವ ನಾನ, ಬರೂದರಾಗ ಕಳವಿಲೆ ಇಬ್ಬರನ ಮಾಡಿಕೊಂಡ್ರ ಮಂದಿ ಮಾರಿಗೆ ಉಗಳತಾರ ಅಂದನಂತ. ನಿಮ್ಮತ್ತಿ ಅಂದ್ಲು, ಗಂಗವ್ವ ತಾನ ತಂಗಿ ಹೆಸರ ತಗದ್ಲು, ಆಕಿನ ಬಂದು ಉಡಿ ತುಂಬತಾಳು, ಅಂತ. ನಾ ಬಾಳ ಅತ್ನೆವಾ. ಆಮ್ಯಾಲ ಅಂದ್ನಿ, ಒಬ್ಬಾಕಿ ಮಗಳಾದ್ರೂ ಆ ಮನ್ಯಾಗ ಇರ್ಲಿ."

ಶಿವಗಂಗವ್ವ ಮೊರದಲ್ಲಿದ್ದ ಜೋಳವನ್ನೇ ನೋಡುತ್ತ ನಿಂತಳು. ಕಲ್ಲು ಒಂದು ಕಡೆ, ಕಾಳು ಒಂದು ಕಡೆ. ಮೊದಲು ಬಂದದ್ದು ದುಃಖವಲ್ಲ, ನಾಚಿಕೆ: ಇಷ್ಟು ಸರಳವಾದ ಲೆಕ್ಕ ತನಗೆ ಹೊಳೆಯಲಿಲ್ಲವಲ್ಲ. ಗಂಡ ಸುಳ್ಳು ಹೇಳಿರಲಿಲ್ಲ. ಇಬ್ಬರನ್ನು ಇಟ್ಟುಕೊಳ್ಳುವುದಿಲ್ಲ ಎಂದಿದ್ದ, ಕಾಶೆವ್ವ ಒಪ್ಪುತ್ತಾಳೇನು ಎಂದು ಕೇಳಿದ್ದ. ಎರಡೂ ಖರೆ. ಅವೆರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡದೆ ನೀರು ಸುರಿದವಳು ಅವಳೇ. ಸಭೆಯಲ್ಲಿ ನಾಲ್ಕು ಮಂದಿಯ ಮುಂದೆ ಓದಿದ ಮಾತಿಗೆ ಅವನು ತಪ್ಪಲಿಲ್ಲ. ಒಳ್ಳೆಯವನು, ಮಾತಿನವನು, ಒಬ್ಬಳೇ ಹೆಂಡತಿಯವನು. ಕಟ್ಟೆಯ ಮೇಲೆ ಈಗ ತಲೆ ಎತ್ತಿಕೊಂಡು ಕುಳಿತುಕೊಳ್ಳಬಹುದು. ಕಿಟಕಿಯ ಹತ್ತಿರ ಬಂದು ಬಾಯಿ ತೆರೆದು ಮುಚ್ಚಿದ್ದೊಂದೇ ಅವನು ಅವಳಿಗೆ ಹೇಳಿದ ಮಾತು. ಮುಂಬಯಿಯಲ್ಲಿ ಅವರು ಓದಲಿ, ಬಿಡಲಿ. ಗವರ್ನರ ಸಹಿ ಮಾಡಲಿ, ಬಿಡಲಿ. ಬೆಳಗಿನಿಂದ ಬೇಡಿಕೊಂಡದ್ದೆಲ್ಲ ಯಾರ ಸಲುವಾಗಿ. ಕಾಲ ಕೆಳಗಿನ ನೆಲ ತೌರುಮನೆಯದು. ಇನ್ನು ಮೇಲೆ ಇದೇ. ಕೊಟ್ಟಿಗೆ ಯಾವ ಕಡೆ ಇದೆಯೆಂದು ಅವಳು ತಿರುಗಿ ನೋಡಲಿಲ್ಲ, ಗೊತ್ತಿತ್ತು.

ಕಾಶೆವ್ವ ಹೊಲದಿಂದ ಬಂದಳು. ಅಕ್ಕನನ್ನು ಕಂಡು ಅಂಗಳದಲ್ಲೇ ನಿಂತಳು. ಕೈಗೆಲ್ಲ ತಂಬಾಕಿನ ಕರೀ ಜಿಗುಟು, ಕಣ್ಣು ಕೆಂಪಗೆ. ಹತ್ತಿರ ಬರಲಿಲ್ಲ.

"ಅಕ್ಕಾ, ನಾ ಇನ್ನೂ ಹೂಂ ಅಂದಿಲ್ಲ," ಎಂದಳು. "ಅತ್ತಿ ಹೇಳಿದ್ದು ನಾ ನಂಬಲಿಲ್ಲ. ಅಕ್ಕ ತಾನ ಬಂದು ಉಡಿ ತುಂಬಿದ್ರಷ್ಟ, ಇಲ್ಲಂದ್ರ ಇಲ್ಲ ಅಂತ ಹೇಳಿ ಕಳಿಸೇನಿ."

ಹಾಗಾದರೆ ಇದೊಂದು ಅವಳ ಕೈಯಲ್ಲಿ ಉಳಿದಿತ್ತು. ಗಂಟನ್ನು ಬಿಚ್ಚದಿದ್ದರೆ ಸಾಕು. ನಾನು ಇದಕ್ಕೆ ಬಂದಿಲ್ಲ ಎಂದರೆ ಸಾಕು. ಮತ್ತೆ ಯಾತಕ್ಕೆ ಬಂದೆ ಎಂದು ಕೇಳುತ್ತಾರೆ. ನಿನ್ನನ್ನು ಸವತಿ ಮಾಡಿಕೊಳ್ಳಲು ಬಂದೆ ಎನ್ನಬೇಕು. ಅದನ್ನು ಹೇಳುವ ಬಾಯಿ ಇದನ್ನು ಹೇಗೆ ಬೇಡವೆನ್ನುತ್ತದೆ. ಬೇಡವೆಂದರೂ ಯಮನವ್ವ ಇನ್ನೊಂದು ಊರಿಗೆ ಇನ್ನೊಂದು ಗಂಟು ಕಟ್ಟುತ್ತಾಳೆ, ಸಹಿಯಂತೂ ಆಗಿದೆ. ಆದರೆ ಕಾಶಿಯಾದರೂ ಉಳಿಯುತ್ತಾಳೆ, ಅಂಕಲಗಿಯ ಹೊಲದಲ್ಲಿ ತನ್ನ ಸಂಸಾರ ತಾನು ಮಾಡುತ್ತಾಳೆ. ಬೆಳಗಿನಿಂದ ಮೊದಲ ಸಲ ಶಿವಗಂಗವ್ವನಿಗೆ ತಂಗಿಯ ಮೋರೆ ಕಂಡಿತು. ಅವಳ ಮನಸ್ಸನ್ನು ಕೇಳದೆಯೇ ಇಷ್ಟು ದೂರ ಬಂದಿದ್ದಳು. ಈಗ ಕೇಳಿದರೆ ಬೇಡವೆನ್ನುತ್ತಾಳೆ. ಬೇಡವೆಂದರೆ ಗಂಟನ್ನು ಹಾಗೆಯೇ ಕೊಟ್ಟಿಗೆಯ ಮೂಲೆಗೆ ಒಗೆದು, ತಂಗಿಯ ಕೊರಳು ತಬ್ಬಿ ಒಮ್ಮೆ ಅತ್ತುಬಿಡಬಹುದು. ಉಳಿದ ಜನ್ಮಕ್ಕೆ ಅಷ್ಟಿದ್ದರೂ ಸಾಕು ಎನ್ನಿಸಿತು.

"ಕಾಶಿ, ನಿನಗ ಮನಸ ಐತೇನು?"

ಕಾಶೆವ್ವ ಸೆರಗಿಗೆ ಕೈ ಒರೆಸಿದಳು. ಜಿಗುಟು ಹೋಗಲಿಲ್ಲ.

"ನನ್ನ ಮಾರಿ ನೋಡಬ್ಯಾಡ. ಖರೆ ಹೇಳು."

"ನೀ ಸಿಟ್ಟಾಗಬಾರದು."

"ಇಲ್ಲ."

"ಐತಿ ಅಕ್ಕಾ," ಎಂದಳು ಕಾಶೆವ್ವ. ಹೇಳಿದ ಮೇಲೆ ಅಳಲು ಶುರು ಮಾಡಿದಳು. "ಈ ತಂಬಾಕಿನಾಗ ಸಾಯೂದು ಸಾಕಾಗೇತಿ. ಸಣ್ಣಾಕಿದ್ದಾಗಿಂದ ನನಗ ಆ ಮನಿನ ಕನಸಿನಾಗ ಬರತೈತಿ. ಮಾವಾರು ಪೇಪರ ಓದತಿರತಾರು, ನಾ ಮಗ್ಗಲಾಗ ಕುಂತಿರತೇನಿ. ನೀನೂ ಇರತಿ ಅಕ್ಕಾ. ಖರೇನ ನೀನೂ ಇರತಿ."

ಕೆಂಪವ್ವ ಇಬ್ಬರನ್ನೂ ಒಳಗೆ ಕರೆದಳು. ಕಂಬಳಿ ಹಾಸಿದಳು, ದೇವರ ಮುಂದೆ ದೀಪ ಹಚ್ಚಿದಳು. ಕಾಶೆವ್ವ ಕೈ ತೊಳೆದು ಬಂದು, ಮೋರೆ ಒರೆಸಿಕೊಂಡು, ಪೂರ್ವಕ್ಕೆ ಮುಖ ಮಾಡಿ ಕುಳಿತು ಸೆರಗು ಒಡ್ಡಿದಳು. ಶಿವಗಂಗವ್ವ ಎದುರಿಗೆ ಕುಳಿತು ಗಂಟಿನ ಕುಣಿಕೆಗೆ ಉಗುರು ಹಾಕಿದಳು. ಯಮನವ್ವ ಬಿಗಿಯಾಗಿ ಕಟ್ಟಿದ್ದಳು, ಬೇಗ ಬಿಚ್ಚಿಕೊಳ್ಳಲಿಲ್ಲ. ಬಿಚ್ಚಿದ ಕೂಡಲೇ ಅವಳು ಗಂಟನ್ನು ಎತ್ತಿ, ಅಕ್ಕಿ, ಕೊಬ್ಬರಿ, ಉತ್ತತ್ತಿ, ಖಣ ಎಲ್ಲವನ್ನೂ ಒಟ್ಟಿಗೇ ತಂಗಿಯ ಉಡಿಗೆ ಸುರಿದುಬಿಟ್ಟಳು, ಮುಗಿದರೆ ಸಾಕು ಎನ್ನುವಂತೆ.

"ಹಂಗ ಒಮ್ಮೆಲೆ ಸುರೀಬಾರದವಾ," ಎಂದಳು ಕೆಂಪವ್ವ ಮೆಲ್ಲಗೆ. "ಒಳ್ಳೇದಲ್ಲ. ತಗದು ಮತ್ತ ಬೊಗಸಿಲೆ ಹಾಕು."

ಶಿವಗಂಗವ್ವ ತಂಗಿಯ ಮಡಿಲಿಗೆ ಕೈ ಹಾಕಿ, ಸುರಿದದ್ದನ್ನೆಲ್ಲ ಮತ್ತೆ ಬಟ್ಟೆಗೆ ತೆಗೆದುಕೊಂಡಳು. ನಿರಿಗೆಯಲ್ಲಿ ಸಿಕ್ಕಿಕೊಂಡ ಅಕ್ಕಿಕಾಳುಗಳನ್ನೂ ಒಂದೊಂದಾಗಿ ಆರಿಸಿದಳು. ಆಮೇಲೆ ಮೊದಲನೆಯ ಬೊಗಸೆ ತುಂಬಿಕೊಂಡು, ಒಂದು ಕಾಳೂ ಹೊರಗೆ ಬೀಳದಂತೆ ನೋಡಿ, ಹಾಕಿದಳು.